ಪಿಟೀಲಿನ ಜೀರ್ಣೋದ್ಧಾರ ವಿದ್ಯೆ

ಹೊಸತನ್ನು ಕಟ್ಟುವವನಿಗೆ ಲೋಕದಲ್ಲಿ ಹೆಸರುಂಟು. ಹಳೆಯದನ್ನು ಉಳಿಸುವವನಿಗೆ ಹೆಸರು ಬರುವುದು ಅಪೂರ್ವ. ದೇವಾಲಯವನ್ನು ಕಟ್ಟಿಸಿದ ಅರಸನ ಬಿರುದಾವಳಿಯು ಶಾಸನದಲ್ಲಿ ಮೊದಲು ಬರುತ್ತದೆ. ಮುನ್ನೂರು ವರ್ಷಗಳ ತರುವಾಯ ಅದರ ಕುಸಿದ ಗೋಡೆಯನ್ನು ಎತ್ತಿ ನಿಲ್ಲಿಸಿದ ಕಲ್ಲುಕುಟಿಗನ ಹೆಸರು ಬಹುಮಟ್ಟಿಗೆ ಯಾರಿಗೂ ತಿಳಿಯದು. ಆದರೂ ನೂತನ ನಿರ್ಮಾಣಕ್ಕಿಂತ ಜೀರ್ಣೋದ್ಧಾರದ ಪುಣ್ಯವೇ ಮಿಗಿಲೆಂದು ಹಿರಿಯರು ಹೇಳುತ್ತ ಬಂದಿರುವರು. ಈ ಮಾತು ಗುಡಿಗೆ ಹೇಗೋ ವಾದ್ಯಕ್ಕೂ ಹಾಗೆಯೇ ಸಲ್ಲುವುದು. ಇಟಲಿ ದೇಶದ ಕ್ರೆಮೋನ ಪಟ್ಟಣದಲ್ಲಿ ಮುನ್ನೂರು ವರ್ಷಗಳ ಹಿಂದೆ ಹುಟ್ಟಿದ ಪಿಟೀಲುಗಳು ಇಂದಿಗೂ ಸಭೆಗಳಲ್ಲಿ ನುಡಿಯುತ್ತಿರುವುದು ಅವುಗಳನ್ನು ಮಾಡಿದವರ ಕೌಶಲದಿಂದ ಮಾತ್ರವಲ್ಲ. ಬಿರಿದ ಹಲಗೆಯನ್ನು ಕೂಡಿಸಿ, ಹುಳು ತಿಂದ ಮರವನ್ನು ತುಂಬಿ, ಮತ್ತೆ ಮತ್ತೆ ಅವಕ್ಕೆ ಜೀವವಿತ್ತವರ ಕೌಶಲದಿಂದಲೂ ಹೌದು. ಈ ಎರಡನೆಯ ವಿದ್ಯೆಯ ಚರಿತ್ರೆಯಲ್ಲಿ ಒಂದು ವಿಚಿತ್ರವುಂಟು. ಅದು ತನ್ನ ತವರಿನಲ್ಲಿ ಬಹುಮಟ್ಟಿಗೆ ನಶಿಸಿ, ಪರದೇಶಗಳಲ್ಲಿ ಬೆಳೆದು, ಅಲ್ಲಿ ಪರಜನರಿಗೆ ಧಾರೆಯೆರೆಯಲ್ಪಟ್ಟು, ಕೊನೆಗೆ ತವರಿಗೆ ಮರಳಿತು.

ಮೊದಲು ವಾದ್ಯದ ಸ್ವರೂಪವನ್ನು ಸ್ವಲ್ಪ ನೋಡಬೇಕು. ಪಿಟೀಲು ಅರ್ಧ ಕಿಲೋಗ್ರಾಮಿಗೂ ಕಡಿಮೆ ತೂಗುವ ಪೆಟ್ಟಿಗೆ. ಮೇಲ್ಹಲಗೆಯು ದೇವದಾರುವಿನ ಬಳಗಕ್ಕೆ ಸೇರಿದ ಸ್ಪ್ರೂಸ್ ಎಂಬ ಹಗುರವಾದ ಮರದ್ದು. ಬೆನ್ನುಹಲಗೆ, ಪಕ್ಕೆ ಮತ್ತು ಕತ್ತು ಮೇಪಲ್ ಎಂಬ ಗಟ್ಟಿಯಾದ ಮರದವು. ಮೇಲ್ಹಲಗೆಯ ದಪ್ಪವು ಮೂರು ಮಿಲಿಮೀಟರಿನ ಆಸುಪಾಸು ಮಾತ್ರ. ಶ್ರುತಿಗೇರಿಸಿದ ನಾಲ್ಕು ತಂತಿಗಳ ಒಟ್ಟು ಬಿಗಿತವಾದರೋ ಇಪ್ಪತ್ತು ಕಿಲೋಗ್ರಾಮಿಗೂ ಮಿಕ್ಕುವುದು. ಅದರ ಒಂದು ಪಾಲು ಕುದುರೆಯ ಮೂಲಕ ಆ ತೆಳುವಾದ ಹಲಗೆಯ ಮೇಲೆ ಹಗಲಿರುಳೂ ಒತ್ತುತ್ತಿರುವುದು. ಈ ಒತ್ತಡವನ್ನು ತಾಳಲು ಒಳಗಡೆ ಎರಡು ಆಧಾರಗಳಿವೆ. ಒಂದು, ಮಂದ್ರದ ತಂತಿಯ ಕೆಳಗೆ ಮೇಲ್ಹಲಗೆಗೆ ಅಂಟಿಸಿದ ನೀಳವಾದ ಪಟ್ಟಿ. ಇನ್ನೊಂದು, ಎರಡು ಹಲಗೆಗಳ ನಡುವೆ ಅಂಟಿಲ್ಲದೆ ನಿಲ್ಲಿಸಿದ ಸಣ್ಣ ಕಡ್ಡಿ. ಈ ಕಡ್ಡಿಯನ್ನು ಇಟಲಿಯವರೂ ಫ್ರೆಂಚರೂ ತಮ್ಮ ತಮ್ಮ ಭಾಷೆಗಳಲ್ಲಿ ‘ಆತ್ಮ’ವೆಂದೇ ಕರೆಯುವರು. ಅದು ಕೂದಲೆಳೆಯಷ್ಟು ಸರಿದರೂ ನಾದವು ಬೇರೆಯಾಗುವುದು. ಅದು ತೀರ ಬಿಗಿಯಾದರೆ ಮೇಲ್ಹಲಗೆಯು ಅಲ್ಲಿಯೇ ಸೀಳುವುದು.

ಇಷ್ಟು ಕೋಮಲವಾದ ವಸ್ತುವು ಶತಮಾನಗಳ ಕಾಲ ಬದುಕಲು ಮುಖ್ಯ ಕಾರಣ ಅದನ್ನು ಕೂಡಿಸಿರುವ ಅಂಟು. ಬಡಗಿಗಳು ಮರವಜ್ರವೆಂದು ಕರೆಯುವ, ಪ್ರಾಣಿಗಳ ಚರ್ಮದಿಂದ ಕಾಸಿ ತೆಗೆದ ಸರೇಸು ಅದು. ಒಣಗಿದಾಗ ಬಲವಾಗಿ ಹಿಡಿಯುವ ಈ ಅಂಟು ತೇವಕ್ಕೂ ಬಿಸಿಗೂ ಮಣಿಯುವುದು. ಆದುದರಿಂದ ಬಲ್ಲವನ ಕೈಯಲ್ಲಿ ಪಿಟೀಲು ಎಷ್ಟು ಸಲ ಬೇಕಾದರೂ ಬಿಚ್ಚಿಕೊಂಡು ಮತ್ತೆ ಕೂಡಿಕೊಳ್ಳುವುದು. ತಮ್ಮ ಕೆಲಸವನ್ನು ಮುಂದೆ ಮತ್ತೊಬ್ಬನು ಬಿಚ್ಚುವನೆಂಬುದನ್ನು ಪೂರ್ವದ ಶಿಲ್ಪಿಗಳು ಮೊದಲೇ ಒಪ್ಪಿಕೊಂಡಿದ್ದರೆಂದು ಹೇಳಬಹುದು. ಹೀಗೆ ಜೀರ್ಣೋದ್ಧಾರಕ್ಕೆ ಬೇಕಾದ ಬಾಗಿಲು ವಾದ್ಯದ ನಿರ್ಮಾಣದಲ್ಲಿಯೇ ತೆರೆದಿರುವುದು.

ಕ್ರೆಮೋನದಲ್ಲಿ ಈ ಶಿಲ್ಪವು ಹದಿನಾರನೆಯ ಶತಮಾನದಲ್ಲಿ ಅಮಾತಿ ವಂಶದವರಿಂದ ನೆಲೆಗೊಂಡಿತು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಮಾತ್ರ ಇಳಿದುಬರುವ ಮನೆತನದ ವಿದ್ಯೆ ಅದಾಗಿತ್ತು. ೧೬೩೦ರಲ್ಲಿ ಉತ್ತರ ಇಟಲಿಯನ್ನು ಆವರಿಸಿದ ಪ್ಲೇಗು ಮಾರಿಯು ನಿಕೊಲೊ ಅಮಾತಿಯ ತಂದೆಯಾದ ಜಿರೋಲಮೊವನ್ನು ಬಲಿತೆಗೆದುಕೊಂಡಿತು. ನೆರೆಯ ಬ್ರೆಷಿಯಾ ಪಟ್ಟಣದ ಶಿಲ್ಪಿಗಳೂ ಅದೇ ಕಾಲದಲ್ಲಿ ಅಳಿದರು. ವಿದ್ಯೆಯೆಲ್ಲವೂ ಅವಿವಾಹಿತನಾದ ಒಬ್ಬ ಮನುಷ್ಯನ ಕೈಯಲ್ಲಿ ಉಳಿಯಿತು. ಆಗ ನಿಕೊಲೊ ಅಮಾತಿಯು ಹಿಂದಿನ ಕಟ್ಟನ್ನು ಮುರಿದು, ತನ್ನ ರಕ್ತಸಂಬಂಧವಿಲ್ಲದ ಹುಡುಗರನ್ನು ಮನೆಗೆ ಕರೆದುಕೊಂಡನು. ಹಾಗೆ ಬಂದವರಲ್ಲಿ ಆಂದ್ರೆಯಾ ಗ್ವಾರ್ನೇರಿಯು ಒಬ್ಬನು. ಆತನ ಮೊಮ್ಮಗನೇ ಲೋಕಪ್ರಸಿದ್ಧನಾದ ಜುಸೆಪ್ಪೆ ಗ್ವಾರ್ನೇರಿ. ಆಂತೋನಿಯೊ ಸ್ತ್ರಾದಿವಾರಿಯ ಮೊದಲ ಕೃತಿಗಳಲ್ಲಿಯೂ ಅಮಾತಿಯ ಅಚ್ಚು ಸ್ಪಷ್ಟವಾಗಿ ಕಾಣುವುದು. ಆಪತ್ತಿನ ಕಾಲದಲ್ಲಿ ಬಾಗಿಲು ತೆರೆಯದಿದ್ದರೆ ಈ ಇಬ್ಬರ ವಾದ್ಯಗಳು ಈಗಿನ ರೂಪದಲ್ಲಿ ಹುಟ್ಟುತ್ತಿದ್ದುವೇ ಎಂಬುದು ಸಂದೇಹಾಸ್ಪದ.

ಸ್ತ್ರಾದಿವಾರಿಯು ೧೭೩೭ರಲ್ಲಿಯೂ, ಜುಸೆಪ್ಪೆ ಗ್ವಾರ್ನೇರಿಯು ೧೭೪೪ರಲ್ಲಿಯೂ, ಕಾರ್ಲೊ ಬೆರ್ಗೊಂತ್ಸಿಯು ೧೭೪೭ರಲ್ಲಿಯೂ ತೀರಿಕೊಂಡರು. ಹತ್ತು ವರ್ಷಗಳಲ್ಲಿ ಕ್ರೆಮೋನದ ದೀಪಗಳು ಒಂದೊಂದಾಗಿ ಆರಿದುವು. ಸ್ತ್ರಾದಿವಾರಿಯ ಮಕ್ಕಳಲ್ಲಿ ಪಾವೊಲೊ ಎಂಬವನು ಬಟ್ಟೆಯ ವ್ಯಾಪಾರಿಯಾಗಿದ್ದನು. ತಂದೆಯ ಅಚ್ಚುಗಳು, ನಕಾಸೆಗಳು, ಸಲಕರಣೆಗಳು ಇವುಗಳನ್ನು ಆ ಮನೆಯವರು ೧೭೭೫-೭೬ರ ಸುಮಾರಿನಲ್ಲಿ ಸಲಬುವೆಯ ಕೊತ್ಸಿಯೊ ಎಂಬ ಶ್ರೀಮಂತ ಸಂಗ್ರಾಹಕನಿಗೆ ಮಾರಿದರು. ಸ್ತ್ರಾದಿವಾರಿಯನ್ನು ಹೂಳಿದ್ದ ಸಾನ್ ದೊಮೆನಿಕೊ ದೇವಾಲಯವನ್ನು ೧೮೬೯ರಲ್ಲಿ ಕೆಡವಲಾಯಿತು. ಪಟ್ಟಣವು ತನ್ನ ಮಹಾಶಿಲ್ಪಿಯ ವಿದ್ಯೆಯನ್ನು ಮರೆತುದಲ್ಲದೆ ಆತನ ಸಮಾಧಿಯನ್ನೂ ಕಳೆದುಕೊಂಡಿತು.

ಇತ್ತ ಆ ವಾದ್ಯಗಳಾದರೋ ಪ್ಯಾರಿಸು, ಲಂಡನ್ನುಗಳ ದಾರಿ ಹಿಡಿದಿದ್ದುವು. ಲುಯಿಜಿ ತಾರಿಸಿಯೊ ಎಂಬ ಇಟಲಿಯವನು ಊರೂರು ಅಲೆದು ಹಳೆಯ ಪಿಟೀಲುಗಳನ್ನು ಕೂಡಿಹಾಕಿ ಫ್ರಾನ್ಸಿಗೆ ಸಾಗಿಸಿದನು. ಆತನು ೧೮೫೪ರಲ್ಲಿ ಸತ್ತ ಮೇಲೆ ಉಳಿದ ಸಂಗ್ರಹವನ್ನು ಪ್ಯಾರಿಸಿನ ಪ್ರಸಿದ್ಧ ಶಿಲ್ಪಿಯಾದ ವ್ವಿಯೋಮನು ಕೊಂಡುಕೊಂಡನು. ಈ ವೇಳೆಗೆ ಸಂಗೀತದ ಪದ್ಧತಿಯೂ ಬದಲಾಗಿತ್ತು. ಅರಮನೆಯ ಕೊಠಡಿಯನ್ನು ಬಿಟ್ಟು ವಿಶಾಲವಾದ ಸಭಾಮಂದಿರಗಳಲ್ಲಿ ಕಚೇರಿಗಳು ನಡೆಯತೊಡಗಿದುವು. ನಾದವು ದೂರ ಮುಟ್ಟಬೇಕಾಯಿತು. ಅದಕ್ಕಾಗಿ ಹದಿನೆಂಟನೆಯ ಶತಮಾನದ ಕೊನೆಯಿಂದೀಚೆಗೆ ಹಳೆಯ ಪಿಟೀಲುಗಳ ಕತ್ತನ್ನು ಉದ್ದಮಾಡಿ ಹಿಂದಕ್ಕೆ ಬಾಗಿಸಿದರು. ಒಳಗಿನ ಪಟ್ಟಿಯನ್ನು ಕಿತ್ತು ಬಲವಾದ ಬೇರೊಂದನ್ನು ಕೂಡಿಸಿದರು. ಇಂದು ಸಭೆಯಲ್ಲಿ ನುಡಿಯುವ ಸ್ತ್ರಾದಿವಾರಿ ಪಿಟೀಲುಗಳಲ್ಲಿ ಬಹುತೇಕ ಎಲ್ಲವೂ ಹೀಗೆ ಮಾರ್ಪಟ್ಟವೇ.

ಈ ಕೆಲಸ ಮಾಡಿದವರಲ್ಲಿ ನಿಪುಣರೂ ಇದ್ದರು, ಅವಿವೇಕಿಗಳೂ ಇದ್ದರು. ನಾದವನ್ನು ಉತ್ತಮಪಡಿಸುವೆವೆಂಬ ಭ್ರಮೆಯಿಂದ ಹಲಗೆಯನ್ನು ಒಳಗಿನಿಂದ ಹೆರೆದು ತೆಳುಮಾಡಿದವರುಂಟು. ಹಳೆಯ ವಾರ್ನಿಷಿನ ಮೇಲೆ ಹೊಸ ಮೆರುಗೆಣ್ಣೆಯನ್ನು ಬಳಿದು ಅದರ ಬಣ್ಣವನ್ನೇ ಮುಚ್ಚಿದವರುಂಟು. ಹೆರೆದುಹೋದ ಮರವು ಮತ್ತೆ ಬಾರದು. ಬಲ್ಲವರಾದರೋ ತಮ್ಮ ಕ್ರಮಗಳನ್ನು ಅಂಗಡಿಯ ಗುಟ್ಟಾಗಿ ಬಚ್ಚಿಟ್ಟುಕೊಂಡರು. ಏಕೆಂದರೆ ಗುಟ್ಟೇ ಅವರ ಬಂಡವಾಳ. ಫ್ರಾನ್ಸಿನ ಮಿರ್‌ಕೂರಿನಲ್ಲಿಯೂ ಬವೇರಿಯದ ಮಿಟೆನ್‌ವಾಲ್ಡಿನಲ್ಲಿಯೂ ಊರಿಗೆ ಊರೇ ಪಿಟೀಲು ಮಾಡುತ್ತಿತ್ತು. ಮಿಟೆನ್‌ವಾಲ್ಡಿನಲ್ಲಿ ೧೮೫೮ರಲ್ಲಿ ಒಂದು ಶಾಲೆಯೂ ಏರ್ಪಟ್ಟಿತು. ಆದರೆ ಹೊಸ ಪಿಟೀಲನ್ನು ಮಾಡಬಲ್ಲ ಕೈ ಹಳೆಯದನ್ನು ಉಳಿಸಬಲ್ಲುದೆಂದು ಹೇಳುವಂತಿಲ್ಲ. ಮೊದಲನೆಯದರಲ್ಲಿ ಶಿಲ್ಪಿಯ ಇಚ್ಛೆಯೇ ಪ್ರಧಾನ. ಎರಡನೆಯದರಲ್ಲಿ ಆತನು ತನ್ನ ಇಚ್ಛೆಯನ್ನು ಅಡಗಿಸಿಕೊಂಡು ಸತ್ತುಹೋದವನೊಬ್ಬನ ಇಚ್ಛೆಯನ್ನು ನಡೆಸಿಕೊಡಬೇಕು.

ಕ್ರೆಮೋನಕ್ಕೆ ಅದರ ಸೊತ್ತು ಮರಳಿದ್ದು ಜುಸೆಪ್ಪೆ ಫಿಯೊರೀನಿ ಎಂಬ ಶಿಲ್ಪಿಯ ಔದಾರ್ಯದಿಂದ. ಬೊಲೊನ್ಯದ ಕಡೆಯವನಾದ ಈತನು ಬಹುಕಾಲ ಜರ್ಮನಿಯ ಮ್ಯೂನಿಕಿನಲ್ಲಿ ಕೆಲಸ ಮಾಡಿದ್ದನು. ಕೊತ್ಸಿಯೊನ ಬಳಿಗೆ ಹೋಗಿದ್ದ ಸ್ತ್ರಾದಿವಾರಿಯ ಅಚ್ಚುಗಳನ್ನೂ ಸಲಕರಣೆಗಳನ್ನೂ ಈತನು ೧೯೨೦ರಲ್ಲಿ ಅವುಗಳ ಒಡತಿಯಿಂದ ಕೊಂಡು, ೧೯೩೦ರಲ್ಲಿ ಕ್ರೆಮೋನ ಪಟ್ಟಣಕ್ಕೆ ದಾನವಾಗಿ ಕೊಟ್ಟನು. ಸ್ತ್ರಾದಿವಾರಿಯ ಮರಣದ ಇನ್ನೂರನೆಯ ವರ್ಷವಾದ ೧೯೩೭ರಲ್ಲಿ ಅಲ್ಲಿ ದೊಡ್ಡ ಪ್ರದರ್ಶನವೊಂದು ನಡೆಯಿತು. ಪರದೇಶಗಳಿಗೆ ಚದರಿಹೋಗಿದ್ದ ವಾದ್ಯಗಳು ಹುಟ್ಟಿದೂರಿಗೆ ಬಂದು ನಿಂತುವು. ಮರುವರ್ಷವೇ, ೧೯೩೮ರಲ್ಲಿ, ಪಿಟೀಲು ನಿರ್ಮಾಣದ ಶಾಲೆಯು ಆರಂಭವಾಯಿತು. ಅಚ್ಚುಗಳಿದ್ದುವು, ಶಾಲೆಯಿತ್ತು, ಆದರೆ ಆ ಅಚ್ಚುಗಳನ್ನು ಬಳಸಿ ಕೆಲಸ ಮಾಡುತ್ತಿದ್ದವರ ಪರಂಪರೆಯು ಕಡಿದುಹೋಗಿತ್ತು. ಮುಂದೆ ಹಂಗೆರಿಯ ಪೀಟರ್ ತಾತಾರನಂತಹ ಪರದೇಶದ ಶಿಲ್ಪಿಯನ್ನೂ ಉಪಾಧ್ಯಾಯನನ್ನಾಗಿ ಕರೆಯಿಸಿಕೊಳ್ಳಬೇಕಾಯಿತು. ಸ್ತ್ರಾದಿವಾರಿಯ ಊರಿಗೆ ಪಿಟೀಲಿನ ಪಾಠವನ್ನು ಹೊರಗಿನವರು ಬಂದು ಹೇಳುವ ಕಾಲ ಬಂದಿತ್ತು.

ಆ ಕಡಿದ ಎಳೆಯನ್ನು ಕೂಡಿಸಿದವರಲ್ಲಿ ಅಗ್ರಗಣ್ಯನು ಸಿಮೋನೆ ಫೆರ್ನಾಂದೊ ಸಕ್ಕೋನಿ. ೧೮೯೫ರಲ್ಲಿ ರೋಮಾಪುರಿಯಲ್ಲಿ ಹುಟ್ಟಿದ ಈತನು ಬಾಲ್ಯದಲ್ಲಿಯೇ ಅಲ್ಲಿಯ ಜುಸೆಪ್ಪೆ ರೊಸ್ಸಿ ಎಂಬ ಶಿಲ್ಪಿಯಲ್ಲಿ ಕೆಲಸಕ್ಕೆ ಸೇರಿದನು. ೧೯೩೧ರಲ್ಲಿ ಎಮಿಲ್ ಹೆರ್ಮನ್ ಎಂಬ ವಾದ್ಯವ್ಯಾಪಾರಿಯ ಕರೆಗೆ ಓಗೊಟ್ಟು ನ್ಯೂಯಾರ್ಕಿಗೆ ಹೋದನು. ಐರೋಪ್ಯ ಖಂಡದ ಉತ್ತಮ ವಾದ್ಯಗಳು ಅನೇಕವಾಗಿ ಆಗ ಅಮೆರಿಕದ ಶ್ರೀಮಂತರ ಹಾಗೂ ವಿದ್ವಾಂಸರ ಕೈಸೇರುತ್ತಿದ್ದುವು. ಹೀಗಾಗಿ ಕ್ರೆಮೋನದಲ್ಲಿಯೇ ಕುಳಿತಿದ್ದರೆ ಕಾಣಸಿಗದಿದ್ದ ಕ್ರೆಮೋನದ ಕೃತಿಗಳು ಈತನ ಮೇಜಿನ ಮೇಲೆ ಬಿಚ್ಚಿಕೊಂಡುವು. ಪಿಟೀಲಿನ ಒಳಭಾಗವನ್ನು ನೋಡುವ ಭಾಗ್ಯ ಸಾಮಾನ್ಯರಿಗೆ ಇಲ್ಲ. ರಿಪೇರಿಗಾರನಿಗೆ ಮಾತ್ರ ಉಂಟು. ಉಳಿಯ ಗುರುತು, ಅಂಟಿನ ಎಲ್ಲೆ, ಮೂಲೆಯ ದಿಮ್ಮಿಯನ್ನು ಕೂಡಿಸಿದ ರೀತಿ, ಇವೆಲ್ಲವೂ ಆತನಿಗೆ ಓದಲು ತೆರೆದ ಗ್ರಂಥವಾದುವು.

೧೯೫೧ರ ಸುಮಾರಿಗೆ ಸಕ್ಕೋನಿಯು ಅದೇ ನಗರದಲ್ಲಿ ರೆಂಬರ್ಟ್ ವುರ್ಲಿಟ್ಸರನ ಸಂಸ್ಥೆಯ ಕಾರ್ಯಾಗಾರಕ್ಕೆ ಬಂದನು. ಅಲ್ಲಿ ಆತನ ಸುತ್ತ ನೆರೆದವರನ್ನು ನೋಡಿದರೆ ಈ ವಿದ್ಯೆಗೆ ದೇಶಭೇದವಿಲ್ಲವೆಂಬುದು ತಿಳಿಯುವುದು. ದಾರಿಯೊ ದಾತ್ತಿಲಿಯು ರೋಮಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು. ರೆನೆ ಮೊರೆಲನು ಮಿರ್‌ಕೂರಿನ ಪರಂಪರೆಯಲ್ಲಿ ಪಳಗಿದ ಫ್ರೆಂಚನು. ವಹಾಕನ್ ನಿಗೊಗೊಸಿಯನನು ತುರ್ಕಿಯ ಇಸ್ತಾಂಬುಲಿನ ಆರ್ಮೀನಿಯನನು. ಹಾನ್ಸ್ ನೆಬೆಲನು ಮಿಟೆನ್‌ವಾಲ್ಡಿನವನು. ಲಂಡನ್ನಿನ ವಾದ್ಯವ್ಯಾಪಾರಿಗಳ ಮನೆತನದ ಚಾರ್ಲ್ಸ್ ಬೇರನು ಮಿಟೆನ್‌ವಾಲ್ಡಿನ ಶಾಲೆಯಲ್ಲಿ ಕಲಿತು, ಅನಂತರ ಇಲ್ಲಿಗೆ ಬಂದನು. ಇವರಿಗೂ ಮೊದಲು ಹೆರ್ಮನ್ನನ ಅಂಗಡಿಯಲ್ಲಿ ಜರ್ಮನಿಯ ಹಾನ್ಸ್ ವೈಸ್‌ಹಾರನು ಕೆಲಸ ಮಾಡಿದ್ದನು. ಈ ದೇಶಗಳಲ್ಲಿ ಕೆಲವು ಸ್ವಲ್ಪ ಕಾಲದ ಹಿಂದೆ ಒಂದರೊಡನೊಂದು ಘೋರಯುದ್ಧದಲ್ಲಿ ತೊಡಗಿದ್ದುವೆಂಬುದನ್ನು ನೆನೆದರೆ, ಒಂದೇ ಕಾರ್ಯಾಗಾರದ ಈ ಸಾಲು ಮೇಜುಗಳ ಅರ್ಥವು ಇನ್ನಷ್ಟು ಗಂಭೀರವಾಗುವುದು.

ಇಂತಹ ಕಾರ್ಯಾಗಾರದಲ್ಲಿ ಕಲಿಯಬೇಕಾದುದೇನು? ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ‘ಆತ್ಮ’ವೆಂಬ ಕಡ್ಡಿಯು ನಿಲ್ಲುವ ಸ್ಥಳದಲ್ಲಿಯೇ ಮೇಲ್ಹಲಗೆಯು ಸೀಳಿತೆಂದು ಭಾವಿಸೋಣ. ವಾದ್ಯಕ್ಕೆ ಇದಕ್ಕಿಂತ ದೊಡ್ಡ ಅಪಾಯವು ವಿರಳ. ಬರಿದೆ ಅಂಟು ಹಾಕಿ ಕೂಡಿಸಿದರೆ ಕಡ್ಡಿಯ ಒತ್ತಡಕ್ಕೆ ಅದು ಮತ್ತೆ ಬಾಯಿಬಿಡುವುದು. ಆದುದರಿಂದ ಮೊದಲು ತೆಳುವಾದ ಚೂರಿಯನ್ನು ಹೊಲಿಗೆಯಲ್ಲಿ ತೂರಿಸಿ ಮೇಲ್ಹಲಗೆಯನ್ನು ಪಕ್ಕೆಗಳಿಂದ ಬಿಡಿಸಬೇಕು. ಸೀಳಿನ ಕೊಳೆಯನ್ನು ತೊಳೆದು, ಅಂಚುಗಳನ್ನು ಸಮಕ್ಕೆ ತಂದು ಅಂಟಿಸಬೇಕು. ಬಳಿಕ ಹಲಗೆಯ ಉಬ್ಬಿಗೆ ಸರಿಹೊಂದುವಂತೆ ಪ್ಲಾಸ್ಟರಿನ ಅಚ್ಚನ್ನು ಎರೆದು, ಹಲಗೆಯು ಸೊಟ್ಟಗಾಗದಂತೆ ಅದರಲ್ಲಿ ಮಲಗಿಸಬೇಕು. ಆಮೇಲೆ ಒಳಗಡೆಯಿಂದ ಆ ಸ್ಥಳದ ಮರವನ್ನು ತಟ್ಟೆಯ ಆಕಾರದಲ್ಲಿ ತೆಗೆದು, ಅದೇ ಜಾತಿಯ, ಅದೇ ನಾರಿನ ಹೊಸ ತುಂಡೊಂದನ್ನು ಅಲ್ಲಿ ಕೂರಿಸಬೇಕು. ಗುಳಿಗೆ ಸೀಮೆಸುಣ್ಣವನ್ನು ಸವರಿ ತುಂಡನ್ನು ಒತ್ತಿ ತೆಗೆದರೆ, ತಾಗಿದ ಕಡೆ ಬಿಳಿಯ ಗುರುತು ಬೀಳುವುದು; ಆ ಗುರುತಿನಷ್ಟನ್ನೇ ಕೆತ್ತಿ ಮತ್ತೆ ಒತ್ತಬೇಕು. ತುಂಡಿನ ಎಲ್ಲ ಕಡೆಯೂ ಒಂದೇ ಸಮನಾಗಿ ಬಿಳುಪಾಗುವವರೆಗೆ ಹೀಗೆ ನೂರಾರು ಸಲ ಮಾಡಬೇಕು. ಕೆಲಸ ಮುಗಿದು ಪೆಟ್ಟಿಗೆ ಮುಚ್ಚಿದ ಮೇಲೆ ಇದನ್ನು ಕಾಣುವವರು ಯಾರೂ ಇಲ್ಲ.

ಹೊರಗಿನ ಬಣ್ಣದ ಕೆಲಸದಲ್ಲಿಯೂ ಇದೇ ಸಂಯಮವು ಬೇಕು. ಸವೆದುಹೋದ ಕಡೆ ಮಾತ್ರ ಬಣ್ಣವನ್ನು ತುಂಬತಕ್ಕದ್ದು. ಪಕ್ಕದ ಹಳೆಯ ವಾರ್ನಿಷಿನ ಮೇಲೆ ಕುಂಚವು ಹಾಯಬಾರದು. ಕತ್ತನ್ನು ಬದಲಿಸಬೇಕಾದರೂ ತುದಿಯ ಸುರುಳಿಯನ್ನೂ ಬಿರಡೆಗಳ ಗೂಡನ್ನೂ ಉಳಿಸಿಕೊಂಡು, ಹೊಸ ಕತ್ತನ್ನು ಅದಕ್ಕೆ ಕಸಿಮಾಡತಕ್ಕದ್ದು. ಏಕೆಂದರೆ ಆ ಸುರುಳಿಯಲ್ಲಿ ಮೂಲಶಿಲ್ಪಿಯ ಕೈಬರಹವಿದೆ. ಹಳೆಯದನ್ನು ಆದಷ್ಟು ಕಡಿಮೆ ತೆಗೆಯುವುದು, ಹೊಸದಾಗಿ ಸೇರಿಸಿದ್ದನ್ನು ಮುಂದಿನವನು ಬಿಚ್ಚಬಲ್ಲಂತೆ ಸೇರಿಸುವುದು, ಇವೆರಡು ಈ ವಿದ್ಯೆಯ ಧರ್ಮಸೂತ್ರಗಳು. ಇವನ್ನು ಬಾಯಲ್ಲಿ ಹೇಳಲು ಒಂದು ಗಳಿಗೆ ಸಾಕು; ಕೈಗೆ ಕಲಿಸಲು ವರ್ಷಗಳು ಬೇಕು. ಗುರುವಿನ ಮೇಜಿನ ಪಕ್ಕದಲ್ಲಿ ಕುಳಿತಲ್ಲದೆ ಇದು ಬಾರದು. ಆದುದರಿಂದಲೇ ಗುರುವು ಕಲಿಸದೆ ಸತ್ತರೆ ಅದು ಆತನೊಡನೆಯೇ ಹೋಗುವುದು.

ಸಕ್ಕೋನಿಯು ತನ್ನ ಅರಿವನ್ನು ನ್ಯೂಯಾರ್ಕಿನಲ್ಲಿಯೇ ಕಟ್ಟಿಡಲಿಲ್ಲ. ೧೯೬೦ರ ದಶಕದಲ್ಲಿ ಆತನು ಕ್ರೆಮೋನಕ್ಕೆ ಬಂದು, ಅಲ್ಲಿಯ ಶಾಲೆಯಲ್ಲಿ ಕಲಿತಿದ್ದ ಫ್ರಾಂಚೆಸ್ಕೊ ಬಿಸ್ಸೊಲೊತ್ತಿ ಮೊದಲಾದ ಶಿಲ್ಪಿಗಳೊಡನೆ ಕೆಲಸ ಮಾಡಿದನು. ಫಿಯೊರೀನಿಯು ದಾನಮಾಡಿದ್ದ ಅಚ್ಚುಗಳನ್ನು ಕ್ರಮವಾಗಿ ಪರಿಶೀಲಿಸಿದನು. ಪಕ್ಕೆಗಳನ್ನು ಒಳಗಿನ ಅಚ್ಚಿನ ಸುತ್ತ ಬಾಗಿಸಿ ಕಟ್ಟುವ ಕ್ರೆಮೋನದ ಪ್ರಾಚೀನ ಪದ್ಧತಿಯು, ಆ ಅಚ್ಚುಗಳೊಡನೆ ಬಿಚ್ಚಿದ ವಾದ್ಯಗಳ ಸಾಕ್ಷ್ಯವನ್ನು ಹೋಲಿಸಿದಾಗ ಸ್ಪಷ್ಟವಾಯಿತು. ಅದು ಅಲ್ಲಿಯ ಕಾರ್ಯಾಗಾರಗಳಲ್ಲಿ ಮತ್ತೆ ನೆಲೆಗೊಂಡಿತು. ತಾನು ಕಂಡುದನ್ನೆಲ್ಲ ಸಕ್ಕೋನಿಯು ೧೯೭೨ರಲ್ಲಿ ಕ್ರೆಮೋನದಲ್ಲಿ ಪ್ರಕಟವಾದ ಗ್ರಂಥದಲ್ಲಿ ಬಯಲುಮಾಡಿದನು. ‘ಸ್ತ್ರಾದಿವಾರಿಯ ರಹಸ್ಯಗಳು’ ಎಂಬುದು ಅದರ ಹೆಸರು. ರಹಸ್ಯವೆಂಬ ಮಾತನ್ನು ಬೇಕೆಂದೇ ಉದ್ಧರಣ ಚಿಹ್ನೆಗಳ ನಡುವೆ ಇರಿಸಲಾಗಿತ್ತು. ಮರುವರ್ಷ, ೧೯೭೩ರಲ್ಲಿ, ಆತನು ಕಾಲವಾದನು. ಆ ಗ್ರಂಥವು ಸ್ವಲ್ಪ ಕಾಲದಲ್ಲಿಯೇ ಜರ್ಮನ್ ಮತ್ತು ಇಂಗ್ಲಿಷ್ ಭಾಷೆಗಳಿಗೂ ಇಳಿಯಿತು.

ಗುರುವು ಹೇಳಿದುದೆಲ್ಲವೂ ಕಾಲದ ಪರೀಕ್ಷೆಯಲ್ಲಿ ನಿಂತಿತೆಂದಲ್ಲ. ವಾರ್ನಿಷು ಬಳಿಯುವ ಮುನ್ನ ಸ್ತ್ರಾದಿವಾರಿಯು ಮರಕ್ಕೆ ಒಂದು ವಿಶೇಷ ಖನಿಜದ್ರವವನ್ನು ಕುಡಿಸುತ್ತಿದ್ದನೆಂಬುದು ಸಕ್ಕೋನಿಯ ಅಭಿಪ್ರಾಯವಾಗಿತ್ತು. ಪ್ಯಾರಿಸಿನ ಸಂಗೀತ ವಸ್ತುಸಂಗ್ರಹಾಲಯದ ಐದು ಸ್ತ್ರಾದಿವಾರಿ ವಾದ್ಯಗಳನ್ನು ರಸಾಯನಶಾಸ್ತ್ರದ ಕ್ರಮದಿಂದ ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಕಂಡದ್ದು ಒಣಗುವ ಎಣ್ಣೆ, ಮರದ ರಾಳ, ಕೆಲವು ವಾದ್ಯಗಳಲ್ಲಿ ಕೆಂಬಣ್ಣಗಳು ಮಾತ್ರ. ಅಂದಿನ ಚಿತ್ರಕಾರರಿಗೆಲ್ಲ ಪರಿಚಿತವಾದ ಪದಾರ್ಥಗಳು. ಇದರಿಂದ ಗುರುವಿನ ಗೌರವಕ್ಕೆ ಕುಂದಿಲ್ಲ. ಬಚ್ಚಿಟ್ಟ ಅಭಿಪ್ರಾಯವನ್ನು ತಿದ್ದುವವರಿಲ್ಲ. ಬಯಲಲ್ಲಿಟ್ಟುದನ್ನು ಮಾತ್ರ ತಿದ್ದಬಹುದು. ಬೋಧನೆಯಿಂದಾಗುವ ದೊಡ್ಡ ಪ್ರಯೋಜನಗಳಲ್ಲಿ ಇದೂ ಒಂದು.

ಶಿಷ್ಯರು ಗುರುವಿನ ಮಾರ್ಗವನ್ನು ಇನ್ನೂ ಅಗಲಮಾಡಿದರು. ನಿಗೊಗೊಸಿಯನನು ೧೯೮೬ರಿಂದ ಅಮೆರಿಕದ ಓಹಾಯೊ ಪ್ರಾಂತದ ಓಬರ್ಲಿನ್ ಕಾಲೇಜಿನಲ್ಲಿ ಬೇಸಗೆಯ ರಜದಲ್ಲಿ ಜೀರ್ಣೋದ್ಧಾರದ ಶಿಬಿರವನ್ನು ನಡೆಸತೊಡಗಿದನು. ಒಂದೊಂದು ಅಂಗಡಿಯಲ್ಲಿ ಒಂಟಿಯಾಗಿ ಕೆಲಸಮಾಡುವ ಶಿಲ್ಪಿಗಳು ಅಲ್ಲಿ ಒಟ್ಟಿಗೆ ಕುಳಿತು ಒಬ್ಬರ ಕ್ರಮವನ್ನು ಮತ್ತೊಬ್ಬರಿಗೆ ತೋರಿಸಿಕೊಡುವ ಪದ್ಧತಿಯು ಬೆಳೆಯಿತು. ವೈಸ್‌ಹಾರನು ಮಾರ್ಗರೆಟ್ ಶಿಪ್‌ಮನ್ ಎಂಬಾಕೆಯೊಡನೆ ಸೇರಿ ೧೯೮೮ರಲ್ಲಿ ಪಿಟೀಲಿನ ಜೀರ್ಣೋದ್ಧಾರದ ಕೈಪಿಡಿಯನ್ನು ಪ್ರಕಟಿಸಿದನು. ಹಿಂದೆ ಅಂಗಡಿಯ ಗೋಡೆಗಳಾಚೆ ಹೋಗದಿದ್ದ ಕ್ರಮಗಳು ಚಿತ್ರಸಹಿತವಾಗಿ ಅಚ್ಚಾದುವು. ಮಿಟೆನ್‌ವಾಲ್ಡಿನಲ್ಲಿ ಕಲಿತ ಪೀಟರ್ ಪಾಲ್ ಪ್ರಿಯರನು ೧೯೭೨ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ನಗರದಲ್ಲಿಯೂ, ಕೊರಿಯದಿಂದ ಹೋಗಿ ಅದೇ ಊರಿನಲ್ಲಿ ಕಲಿತ ಚು ಹೊ ಲೀ ಎಂಬಾತನು ೧೯೭೫ರಲ್ಲಿ ಶಿಕಾಗೊ ನಗರದಲ್ಲಿಯೂ ಪಿಟೀಲು ನಿರ್ಮಾಣದ ಶಾಲೆಗಳನ್ನು ತೆರೆದರು. ಇಂಗ್ಲೆಂಡಿನ ನ್ಯೂಯಾರ್ಕ್ ಅಲ್ಲದ ನ್ಯೂವಾರ್ಕ್ ಎಂಬ ಊರಿನಲ್ಲಿಯೂ ೧೯೭೨ರಲ್ಲಿ ಇಂತಹುದೇ ಶಾಲೆಯು ಹುಟ್ಟಿತು.

ಹೀಗೆ ಪರರಿಗೆ ಕಲಿಸಿದರೆ ತವರಿನವರ ಅನ್ನಕ್ಕೆ ಕುತ್ತು ಬಾರದೇ ಎಂಬ ಶಂಕೆಯು ಸಹಜವಾದುದು. ಕುಲವೃತ್ತಿಯ ಗುಟ್ಟನ್ನು ಹೊರಗೆ ಬಿಡಬಾರದೆಂಬುದು ಎಲ್ಲ ದೇಶಗಳ ಕಸಬುದಾರರ ಹಳೆಯ ನಿಯಮ. ಅದರ ಹಿಂದೆ ಹಸಿವಿನ ಭಯವಿದೆ, ಅದನ್ನು ಹೀಯಾಳಿಸುವುದು ತರವಲ್ಲ. ಆದರೆ ಕ್ರೆಮೋನದ ಚರಿತ್ರೆಯು ಈ ಶಂಕೆಗೆ ಬೇರೆ ಉತ್ತರವನ್ನು ಕೊಡುವುದು. ವಿದ್ಯೆಯನ್ನು ಮನೆತನದೊಳಗೆ ಇಟ್ಟುಕೊಂಡ ಕಾಲದಲ್ಲಿ ಒಂದು ಮಾರಿಯು ಅದನ್ನು ಅಳಿವಿನ ಅಂಚಿಗೆ ತಂದಿತು. ಮಕ್ಕಳು ಬೇರೆ ವೃತ್ತಿ ಹಿಡಿದಾಗ ಅದು ಕಡಿದೇಹೋಯಿತು. ಪರದೇಶದ ವಿದ್ಯಾರ್ಥಿಗಳಿಗೆ ಶಾಲೆಯ ಬಾಗಿಲು ತೆರೆದ ಮೇಲೆ ಜಪಾನು, ಕೊರಿಯ, ಚೀನ ಮುಂತಾದ ದೇಶಗಳಿಂದ ಕಲಿಯುವವರು ಅಲ್ಲಿಗೆ ಬಂದರು. ಕಲಿತವರಲ್ಲಿ ಹಲವರು ಅಲ್ಲಿಯೇ ನೆಲೆಸಿದರು. ಇಂದು ಆ ಸಣ್ಣ ಪಟ್ಟಣದಲ್ಲಿ ನೂರಕ್ಕೂ ಮಿಕ್ಕ ಕಾರ್ಯಾಗಾರಗಳಿವೆ. ಸ್ತ್ರಾದಿವಾರಿಯ ಕಾಲದಲ್ಲಿಯೂ ಅಷ್ಟಿರಲಿಲ್ಲ. ೨೦೧೨ರಲ್ಲಿ ಯುನೆಸ್ಕೊ ಸಂಸ್ಥೆಯು ಕ್ರೆಮೋನದ ಪಿಟೀಲು ಶಿಲ್ಪವನ್ನು ಮನುಕುಲದ ಅಮೂರ್ತ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಆ ಮನ್ನಣೆಯಲ್ಲಿ ನ್ಯೂಯಾರ್ಕಿನ ಮೇಜುಗಳ ಪಾಲೂ ಇದೆ.

ದಕ್ಷಿಣ ಭಾರತಕ್ಕೆ ಪಿಟೀಲು ಬಂದುದು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಬಾಲುಸ್ವಾಮಿ ದೀಕ್ಷಿತರಂತಹ ವಿದ್ವಾಂಸರ ಮೂಲಕ. ಪರದೇಶದ ಈ ವಾದ್ಯವು ಗಮಕಕ್ಕೆ ಮಣಿದು, ನೆಲದ ಮೇಲೆ ಕುಳಿತು ನುಡಿಸುವ ಕ್ರಮಕ್ಕೆ ಹೊಂದಿಕೊಂಡು, ಗಾಯಕರ ಪಕ್ಕದಲ್ಲಿ ನಿತ್ಯವಾದ ಸ್ಥಾನವನ್ನು ಪಡೆಯಿತು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಟಿ. ಚೌಡಯ್ಯನವರು (೧೮೯೫–೧೯೬೭) ಅದಕ್ಕೆ ಏಳು ತಂತಿಗಳನ್ನು ಅಳವಡಿಸಿ ನಾದಕ್ಕೆ ಪುಷ್ಟಿಯನ್ನು ತಂದರು. ತಂತಿಗಳು ಹೆಚ್ಚಿದಂತೆ ಹಲಗೆಯ ಮೇಲಿನ ಹೊರೆಯೂ ಹೆಚ್ಚುವುದು. ಮಳೆಗಾಲದ ತೇವಕ್ಕೆ ಸರೇಸು ಸಡಿಲುವುದು, ಬೇಸಗೆಯ ಒಣಹವೆಗೆ ಮರವು ಬಿರಿಯುವುದು. ಸಂಗೀತವನ್ನು ಕಲಿಸುವ ಗುರುಪರಂಪರೆಯಷ್ಟೇ ವಾದ್ಯವನ್ನು ಉಳಿಸುವ ಗುರುಪರಂಪರೆಯೂ ಅಗತ್ಯವೆಂಬುದು ಮನೆಯಲ್ಲಿ ಹಿರಿಯರ ಪಿಟೀಲೊಂದನ್ನು ಇಟ್ಟುಕೊಂಡಿರುವವರೆಲ್ಲರಿಗೂ ಅನುಭವದಿಂದ ತಿಳಿಯತಕ್ಕ ಮಾತು.

ನಾದವು ಹುಟ್ಟಿದ ಕ್ಷಣದಲ್ಲಿಯೇ ಅಳಿಯುವುದು; ಅದನ್ನು ಮತ್ತೆ ಹುಟ್ಟಿಸಬಲ್ಲ ಮರವು ಶತಮಾನಗಳವರೆಗೆ ಬಾಳಬಲ್ಲುದು; ಆದರೆ ಆ ಮರವನ್ನು ಕಾಯುವ ಕೈಗಳು ಒಂದೊಂದು ತಲೆಮಾರಿಗೂ ಹೊಸದಾಗಿ ಪಳಗಬೇಕು. ರೋಮಿನವನೊಬ್ಬನು ಸಮುದ್ರವನ್ನು ದಾಟಿ ಹೋಗಿ, ತನ್ನ ಭಾಷೆಯನ್ನಾಡದ ಜನರ ಕೈಗಳನ್ನು ಪಳಗಿಸಿದುದರಿಂದ ಕ್ರೆಮೋನದ ಪಿಟೀಲುಗಳು ಉಳಿದುವು, ಕ್ರೆಮೋನವೂ ಉಳಿಯಿತು. ಕೊಟ್ಟಷ್ಟೂ ಬೆಳೆಯುವ ಧನವು ವಿದ್ಯೆಯೊಂದೇ ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.